ಬಳೆ, ಬಾಳೆ, ಬಲೆ

ನಮ್ಮ ಅಮ್ಮ ಮನೆಗೆ ಬಂದ ಕಾಗದಗಳನ್ನೆಲ್ಲ ತಂತಿಗೆ ಚುಚ್ಚಿ ಇಡುತ್ತಿದ್ದಳು. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಒಂದು ಕೊಕ್ಕೆತಂತಿ. ಇನ್‌ಲ್ಯಾಂಡ್ ಲೆಟರು, ಕಾರ್ಡು, ಅಂಗಡಿಯ ಚೀಟಿ, ಕರೆಂಟ್ ಬಿಲ್ಲು ಎಲ್ಲಕ್ಕೂ ಅದೇ ಜಾಗ. ಯಾವುದಾದರೂ ಬೇಕಾಯಿತೆಂದರೆ ತಂತಿಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು, "ಅದು ದೀಪಾವಳಿ ಮುಗಿದ ಮೇಲೆ ಬಂದದ್ದು, ಹಸು ಕರು ಹಾಕಿದ ವಾರ" ಎಂದು ಲೆಕ್ಕ ಹಾಕಿ ಬೆರಳಿಟ್ಟರೆ ಎರಡು ಕಾಗದ ಆಚೆ ಈಚೆ, ಅಷ್ಟೆ. ಓದಲು ನಾಲ್ಕನೆಯ ತರಗತಿ, ಹುಡುಕಲು ಎಂ.ಎ. ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಅಂಥವಳ ಮಗಳಾದ ನಾನು, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು, ಅಮ್ಮನದೇ ಒಂದು ಕಾಗದವನ್ನು ಹುಡುಕಲಾರದೆ ಒಡಹುಟ್ಟಿದ ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟೆ. ಆ ಕಾಗದ ಕಳೆದಿರಲಿಲ್ಲ. ನನ್ನ ಈಮೇಲಿನೊಳಗೇ, ನನ್ನ ಕೈಯಳತೆಯಲ್ಲೇ ಇತ್ತು. ಇದ್ದೂ ಸಿಗಲಿಲ್ಲ. ಸಿಗದ ವಸ್ತು ಇದ್ದರೇನು, ಹೋದರೇನು? ಈ ಪ್ರಶ್ನೆಯನ್ನು ಹಿಡಿದೇ ಜಗಳ ಮಾಡಬೇಕೆಂದು ಇಲ್ಲಿ ಕೂತಿದ್ದೇನೆ.

ನನ್ನ ತಂಗಿ 1999ರಲ್ಲಿ ಮದುವೆಯಾಗಿ ನ್ಯೂಜೆರ್ಸಿಗೆ ಹೋದಳು. ಮರುವರ್ಷ ಶಿವಮೊಗ್ಗದ ದುರ್ಗಿಗುಡಿಯ ಒಂದು ಸೈಬರ್ ಕೆಫೆಯಲ್ಲಿ, ಪ್ಲೈವುಡ್ಡಿನ ಗೂಡಿನೊಳಗೆ ಕೂತು, ಪಕ್ಕದ ಹುಡುಗನ ಕೈಯಲ್ಲಿ ನನ್ನದೊಂದು ವಿಳಾಸ ಮಾಡಿಸಿಕೊಂಡೆ. ವಾರಕ್ಕೊಂದು ಸಂಜೆ ಶಾಲೆ ಬಿಟ್ಟು ಅಲ್ಲಿಗೆ. ಅವಳ ಮೊದಲ ಬಸಿರು, ಅಲ್ಲಿನ ಹಿಮ, ಉಪ್ಪಿನಕಾಯಿ ಕೆಟ್ಟದ್ದು, ಗಂಡನ ಕೆಲಸ ಹೋದದ್ದು, ಎಲ್ಲವೂ ಆ ಗೂಡಿನೊಳಗೆ ನನಗೆ ತಲುಪಿದವು. ಆ ಕಾಲದ ಉಚಿತ ಅಂಚೆಗಳಲ್ಲಿ ಎಷ್ಟು ಜಾಗವಿತ್ತು ಬಲ್ಲಿರಾ? 2004ರ ಏಪ್ರಿಲ್ ವೇಳೆಗೂ ಹಾಟ್‌ಮೇಲಿನವರು ಕೊಡುತ್ತಿದ್ದುದು 2 ಎಂಬಿ, ಯಾಹೂದವರು 4 ಎಂಬಿ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಅಷ್ಟಾಗುತ್ತದೆ. ಪೆಟ್ಟಿಗೆ ತುಂಬಿತು, ಖಾಲಿ ಮಾಡು ಎಂದು ಸೂಚನೆ ಬಂದಾಗಲೆಲ್ಲ ತಂಗಿಯ ಹಳೆಯ ಕಾಗದಗಳನ್ನು ನನ್ನ ಕೈಯಾರೆ ಅಳಿಸಿದೆ. ಅಳಿಸದೆ ಉಳಿಸಿಕೊಂಡವೂ ಉಳಿಯಲಿಲ್ಲ. 2006ರಲ್ಲಿ ಬೇರೆ ಕಡೆ ಹೊಸ ವಿಳಾಸ ಮಾಡಿಕೊಂಡು ಹಳೆಯದರ ಕಡೆ ಸುಳಿಯಲಿಲ್ಲ. ಆರು ವರ್ಷ ಬಿಟ್ಟು ಹೋಗಿ ನೋಡಿದರೆ ಬಾಗಿಲೂ ಇಲ್ಲ, ಮನೆಯೂ ಇಲ್ಲ. ಕಂಪನಿ ಯಾವುದೆಂದು ಹೇಳುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲ, ಎಲ್ಲರ ನಿಯಮವೂ ಹೆಚ್ಚುಕಡಿಮೆ ಇದೇ. ಎರಡು ವರ್ಷ ತೆರೆಯದ ಖಾತೆಗಳನ್ನು ಅದರೊಳಗಿನ ಅಂಚೆ, ಫೋಟೋಗಳ ಸಮೇತ ತೆಗೆದುಹಾಕುವುದಾಗಿ ಗೂಗಲ್ 2023ರ ಮೇ ತಿಂಗಳಲ್ಲಿ ಸಾರಿತು, ಆ ವರ್ಷದ ಡಿಸೆಂಬರಿನಿಂದ ಆರಂಭಿಸಿತು. ಯಾಹೂ ಗ್ರೂಪ್ಸ್ ಎಂಬ ದೊಡ್ಡ ಜಗಲಿ 2020ರ ಡಿಸೆಂಬರ್ 15ಕ್ಕೆ ಮುಚ್ಚಿತು. ಬಾಡಿಗೆ ಕೊಡದ ಮನೆಯಲ್ಲಿ ಟ್ರಂಕು ಇಟ್ಟವರು ಮನೆಯ ಯಜಮಾನನನ್ನು ಬೈಯುವ ಹಾಗಿಲ್ಲ. ಟ್ರಂಕನ್ನು ಅಲ್ಲೇ ಬಿಟ್ಟು ಬಂದ ನಮ್ಮನ್ನು ಬೈದುಕೊಳ್ಳಬಹುದು.

ಈಗ ಬಳೆಯ ವಿಷಯಕ್ಕೆ ಬರುತ್ತೇನೆ.

ಅಮ್ಮನಿಗೆ ನಾಲ್ಕು ಚಿನ್ನದ ಬಳೆ ಇದ್ದವು. ಅಮ್ಮ 2016ರಲ್ಲಿ ತೀರಿಕೊಂಡಾಗ ಅವು ಅಣ್ಣನ ಬ್ಯಾಂಕಿನ ಲಾಕರಿನಲ್ಲಿದ್ದವು. ಮೂರು ವರ್ಷ ಯಾರೂ ಎತ್ತಲಿಲ್ಲ. 2019ರಲ್ಲಿ ಅಣ್ಣನ ಮಗನ ಮದುವೆಗೆ ಅವನ್ನು ಕರಗಿಸುವ ಮಾತು ಬಂದಾಗ ನಾನು ಎದ್ದೆ. "ಅಮ್ಮ ಅದನ್ನು ನಮ್ಮಿಬ್ಬರು ಹೆಣ್ಣುಮಕ್ಕಳಿಗೆ ಅಂತ ಹೇಳಿದ್ದಾಳೆ, ಬರೆದೂ ಇದ್ದಾಳೆ" ಎಂದೆ. ಅಣ್ಣ, "ಎಲ್ಲಿ ಬರೆದಿದ್ದಾಳೆ, ತೋರಿಸು" ಎಂದ. ಬರೆದದ್ದು ನಿಜ. ಅಮ್ಮ ತಂಗಿಯ ಮನೆಗೆ 2008ರಲ್ಲಿ ಒಮ್ಮೆ, 2011ರಲ್ಲಿ ಒಮ್ಮೆ ಹೋಗಿದ್ದಾಗ ತಂಗಿಯ ಕೈಯಲ್ಲಿ ನನಗೆ ಈಮೇಲ್ ಬರೆಸುತ್ತಿದ್ದಳು. ತಂಗಿ ಬರೆದದ್ದು ಆಗಿನ ಆಫೀಸಿನ ವಿಳಾಸದಿಂದ, ಕೆಲಸ ಬಿಟ್ಟ ದಿನವೇ ಆ ಪೆಟ್ಟಿಗೆಗೆ ಬೀಗ. "ಬಳೆ ವಿಷಯ ಏನೋ ಬರೆಸಿದ್ಲು ಅಕ್ಕಾ, ಏನು ಅಂತ ನೆನಪಿಲ್ಲ" ಎಂದಳು. ಉಳಿದದ್ದು ನನ್ನ ಪೆಟ್ಟಿಗೆ ಒಂದೇ. ಅದರಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಕಾಗದ. ತಂಗಿಯ ಪ್ರತಿ ಕಾಗದಕ್ಕೂ ತಲೆಬರಹ ಒಂದೇ: "ಹಾಯ್ ಅಕ್ಕ".

ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ "ಬಳೆ" ಎಂದು ಹೊಡೆದೆ. ಒಂದೂ ಬರಲಿಲ್ಲ. ಬರುವುದಾದರೂ ಹೇಗೆ? ತಂಗಿ ಬರೆಯುತ್ತಿದ್ದದ್ದು ಕನ್ನಡವನ್ನೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಬಿ, ಎ, ಎಲ್, ಇ ಎಂದು ಹೊಡೆದೆ. ಬಂದವು ನೋಡಿ! ಬಾಳೆಎಲೆ, ಬಾಳೆಹಣ್ಣಿನ ರಸಾಯನ, ಜೇಡರ ಬಲೆ. ಆ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ ಬಳೆಯೂ ಒಂದೇ, ಬಾಳೆಯೂ ಒಂದೇ, ಬಲೆಯೂ ಒಂದೇ. ನಲವತ್ತು ಮಕ್ಕಳ ಮುಂದೆ ಲಕಾರ ಳಕಾರ ತಿದ್ದಿ ತಿದ್ದಿ ಗಂಟಲು ಕಟ್ಟಿಸಿಕೊಂಡವಳಿಗೆ ಇದಕ್ಕಿಂತ ಬೇರೆ ಶಿಕ್ಷೆ ಬೇಕೆ?

ಮಗನನ್ನು ಕೇಳಿದೆ. ಅವನು ಫೋನಿನಿಂದ ಕಣ್ಣೆತ್ತದೆ, "ಎಲ್ಲಾ ಅಲ್ಲೇ ಇರತ್ತಮ್ಮಾ, ಹುಡುಕಿದ್ರೆ ಸಿಗತ್ತೆ. ಅಷ್ಟಕ್ಕೂ ಹಳೇ ಮೇಲ್ ಇಟ್ಕೊಂಡು ಏನ್ ಮಾಡ್ತೀಯ?" ಎಂದ. ಇವನೇ ಆಫೀಸಿನಲ್ಲಿ ಮೇಲಧಿಕಾರಿ ಕೊಟ್ಟ ಒಂದು ಸಾಲಿನ ಒಪ್ಪಿಗೆಯನ್ನು ಐದು ವರ್ಷವಾದರೂ ಜೋಪಾನವಾಗಿ ಬೇರೆ ಕಡತದಲ್ಲಿ ಇಟ್ಟುಕೊಂಡಿರುತ್ತಾನೆ. ಅದು ದಾಖಲೆ. ಅಮ್ಮಂದಿರು, ಅಕ್ಕತಂಗಿಯರು ಬರೆದುಕೊಂಡದ್ದು ಹರಟೆ. ಗೆಳತಿಯರೇ, ನನ್ನ ಮೊದಲ ತಕರಾರು ಇದರ ಮೇಲೆಯೇ. ನಮ್ಮ ಬದುಕಿನ ಒಪ್ಪಂದಗಳೆಲ್ಲ ಆಗುವುದು ಛಾಪಾ ಕಾಗದದ ಮೇಲಲ್ಲ, ಇಂಥ ಹರಟೆಯ ನಡುವೆಯೇ. ಸಾಲ ಕೊಟ್ಟದ್ದು, ಚಿನ್ನ ಅಡವಿಟ್ಟದ್ದು, ಅತ್ತೆಗೆ ಯಾವ ಮಾತ್ರೆ ಒಗ್ಗಲಿಲ್ಲ ಎಂಬುದು, ಮಗುವಿಗೆ ಮೊದಲ ಬಾರಿ ಫಿಟ್ಸ್ ಬಂದ ದಿನ, ಎಲ್ಲವೂ "ಮತ್ತೇನು ವಿಶೇಷ" ಎಂಬ ಸಾಲಿನ ಕೆಳಗೆ ಇರುತ್ತವೆ. ಅದನ್ನು ಹರಟೆ ಎಂದವರು ಒಂದು ಸಲ ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಪ್ರಶ್ನೆಗೆ ಉತ್ತರ ಹೇಳಲಿ, ನೋಡೋಣ.

ಕೊನೆಗೆ 2021ರಲ್ಲಿ ನನ್ನ ಕೈ ಹಿಡಿದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೊರೋನಾ ಕಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ನನ್ನ ಗೋಳು ಕೇಳಿ, "ಟೀಚರ್, ಅದು ಅವರ ಮನೇಲಿ ಇರೋವರೆಗೆ ಅವರು ಹುಡುಕಿ ಕೊಟ್ಟಷ್ಟೇ ನಮಗೆ. ಮೊದಲು ಎಲ್ಲಾ ನಮ್ಮ ಮನೆಗೆ ತರೋಣ" ಎಂದಳು. ಹನ್ನೊಂದು ಸಾವಿರ ಕಾಗದವನ್ನೂ ನನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿದಳು. ಎಲ್ಲವೂ ಒಂದೇ ಉದ್ದನೆಯ ಸುರುಳಿಯಾಗಿ, ಒಂದರ ಹಿಂದೆ ಒಂದು ಅಂಟಿಕೊಂಡು ಬಂದವು. ಅದಕ್ಕೆ ಎಂಬಾಕ್ಸ್ ಎಂದು ಹೆಸರಂತೆ. ಅದನ್ನು ಬಿಡಿಸಿ ಕಾಗದಕ್ಕೊಂದು ಕಡತ ಮಾಡಿದಳು. ಆಮೇಲೆ ನಾಟ್‌ಮಚ್ ಎಂಬ ಹೆಸರಿನ ಒಂದು ಸಲಕರಣೆ ಹಾಕಿದಳು. ಕಾರ್ಲ್ ವರ್ತ್ ಎಂಬಾತ 2009ರಲ್ಲಿ ಆರಂಭಿಸಿದ್ದು, ಕಾಸಿಲ್ಲದೆ ಸಿಗುತ್ತದೆ. ಹೆಸರಿಗೆ "ಹೆಚ್ಚೇನಿಲ್ಲ" ಎಂದು ಅರ್ಥ ಬರುತ್ತದೆ. ಅದು ಕಾಗದ ತರುವುದಿಲ್ಲ, ಕಳಿಸುವುದಿಲ್ಲ. ಇದ್ದ ಕಾಗದಕ್ಕೆ ಸೂಚಿ ಮಾಡಿ ಹುಡುಕಿಕೊಡುತ್ತದೆ, ಬೇಕಾದರೆ ಗುರುತಿನ ಚೀಟಿ ಅಂಟಿಸುತ್ತದೆ, ಅಷ್ಟೆ.

ಸೂಚಿ ಎಂದರೆ ಏನು? ದಪ್ಪ ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಪದಗಳನ್ನು ಕೊಟ್ಟು ಎದುರಿಗೆ ಪುಟದ ಸಂಖ್ಯೆ ಹಾಕಿರುತ್ತಾರಲ್ಲ, ಅದೇ. ಸೂಚಿ ಇಲ್ಲದಿದ್ದರೆ "ಬಳೆ" ಎಲ್ಲಿದೆ ಎಂದು ತಿಳಿಯಲು ಹನ್ನೊಂದು ಸಾವಿರ ಕಾಗದವನ್ನೂ ಪ್ರತಿ ಸಲ ಮೊದಲಿನಿಂದ ಓದಬೇಕು. ಈ ಸಲಕರಣೆ ಒಂದೇ ಸಲ ಎಲ್ಲವನ್ನೂ ಓದಿ, ಪದಪದವಾಗಿ ಬಿಡಿಸಿ, ಯಾವ ಪದ ಯಾವ ಯಾವ ಕಾಗದದಲ್ಲಿದೆ ಎಂದು ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಯಾರು ಬರೆದದ್ದು, ಯಾವ ತಾರೀಖು ಎಂಬುದನ್ನೂ ಬರೆದುಕೊಳ್ಳುತ್ತದೆ. ಆಮೇಲೆ ಕೇಳಿದರೆ ಕಾಗದ ನೋಡುವುದೇ ಇಲ್ಲ, ಪಟ್ಟಿ ನೋಡಿ ಹೇಳುತ್ತದೆ. ಪುಟ್ಟ ಮನೆಯ ಸೊಸೆ ಡಬ್ಬ ತೆರೆಯದೆ ಸಾಸಿವೆ ಯಾವುದರಲ್ಲಿದೆ ಎಂದು ಹೇಳುವ ಹಾಗೆ.

ಆದರೆ ಇಲ್ಲೇ ನನ್ನ ಎರಡನೆಯ ತಕರಾರು. ಇಂಗ್ಲಿಷಿನಲ್ಲಿ ಒಂದು ಪದವನ್ನು ಕೊಟ್ಟರೆ ಈ ಸಲಕರಣೆ ಅದರ ಬಹುವಚನವನ್ನೂ, ಕ್ರಿಯಾಪದದ ಬೇರೆ ರೂಪಗಳನ್ನೂ ತಾನೇ ಹುಡುಕಿ ತರುತ್ತದೆ. ಪದದ ಬಾಲ ಕತ್ತರಿಸಿ ಬುಡ ಉಳಿಸುವ ಸೂತ್ರಗಳನ್ನು ಮಾರ್ಟಿನ್ ಪೋರ್ಟರ್ ಎಂಬಾತ 1980ರಲ್ಲೇ ಪ್ರಕಟಿಸಿದ್ದಾನೆ. ನಮ್ಮ ಕನ್ನಡಕ್ಕೋ? "ಬಳೆ" ಬೇರೆ, "ಬಳೆಯನ್ನು" ಬೇರೆ, "ಬಳೆಗಳಿಗೆ" ಬೇರೆ ಎಂದು ಆ ಯಂತ್ರದ ನಂಬಿಕೆ. "ಊರು" ಎಂದು ಕೇಳಿದರೆ "ಊರಿಗೆ" ಸಿಗದು. "ಕಾಲ" ಎಂದರೆ "ಮಳೆಗಾಲ" ಸಿಗದು, ಆದೇಶ ಸಂಧಿ ಕಕಾರವನ್ನು ಗಕಾರ ಮಾಡಿ ಕೂತಿರುತ್ತದೆ. ಪದದ ಮುಂದೆ ನಕ್ಷತ್ರದ ಗುರುತು ಹಾಕಿ "ಹೀಗೆ ಶುರುವಾಗುವುದೆಲ್ಲ ಕೊಡು" ಎನ್ನುವ ಉಪಾಯವೊಂದಿದೆ. ಆದರೆ "ಅಕ್ಕ" ಎಂದು ಹಾಗೆ ಕೇಳಿದರೆ ಅಕ್ಕಿಯೂ ಬರುತ್ತದೆ, ಅಕ್ಕರೆಯೂ ಬರುತ್ತದೆ. "ಮರ" ಎಂದರೆ ಮರಣವೂ ಮರೆವೂ ಬರುತ್ತವೆ.

ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಧಿಗೆ, ವಿಭಕ್ತಿಗೆ ಸೂತ್ರ ಕಟ್ಟಿದ್ದು 13ನೆಯ ಶತಮಾನದಲ್ಲಿ. ಕಿಟೆಲ್ ಸಾಹೇಬರ ನಿಘಂಟು ಅಚ್ಚಾದದ್ದು 1894ರಲ್ಲಿ. ಸೂತ್ರಕ್ಕೂ ಕೊರತೆಯಿಲ್ಲ, ಪದಕ್ಕೂ ಕೊರತೆಯಿಲ್ಲ, ಕಂಪ್ಯೂಟರ್ ಬಲ್ಲ ಕನ್ನಡಿಗರಿಗಂತೂ ಕೊರತೆಯೇ ಇಲ್ಲ. ಹಾಟ್‌ಮೇಲನ್ನು 1996ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಸಬೀರ್ ಭಾಟಿಯಾ ಬೆಳೆದದ್ದು ನಮ್ಮ ಬೆಂಗಳೂರಿನಲ್ಲೇ. ಆದರೂ ನಾನು ಮುಟ್ಟಿ ನೋಡಿದ ಯಾವ ಅಂಚೆಪೆಟ್ಟಿಗೆಯಲ್ಲೂ "ಊರು" ಎಂಬುದು "ಊರಿಗೆ" ಎಂಬುದನ್ನು ಗುರುತು ಹಿಡಿಯಲಿಲ್ಲ. ನವೆಂಬರ್ ಬಂತೆಂದರೆ ಬಾವುಟ ಕಟ್ಟಿ ಮೆರವಣಿಗೆ ಮಾಡುತ್ತೇವೆ, ನಾಮಫಲಕದಲ್ಲಿ ಕನ್ನಡ ಎಷ್ಟು ದಪ್ಪಗಿದೆ ಎಂದು ಅಳೆಯುತ್ತೇವೆ. ಒಂದು ಕನ್ನಡ ಪದ ತನ್ನದೇ ಮನೆಯೊಳಗೆ ತನ್ನ ಒಡಹುಟ್ಟನ್ನು ಕಂಡುಹಿಡಿಯುತ್ತದೆಯೇ ಎಂದು ಯಾವ ವೇದಿಕೆಯ ಮೇಲೂ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ಹಳೆಯ ಕಾಗದಗಳ ಅವಸ್ಥೆ ಬೇರೆ. ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಹೊಡೆದು ಕಳಿಸಿದ ಕಾಗದಗಳು ಹಲವರಲ್ಲಿ ಇರುತ್ತವೆ. ಆ ಫಾಂಟು ಇದ್ದರೆ ತೆರೆಯ ಮೇಲೆ ಅಂದವಾದ ಕನ್ನಡ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟು ಇಲ್ಲದ ಯಂತ್ರದಲ್ಲಿ ಆ ಕಲಸುಮೇಲೋಗರವೇ ಕಾಣುತ್ತದೆ. ಅಂಥದ್ದನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳದೆ ಯಾವ ಸೂಚಿ ಮಾಡಿದರೂ ಅದು ಕಲಸುಮೇಲೋಗರದ ಸೂಚಿಯೇ ಆದೀತು. ನಿಮ್ಮ ಬಳಿ ಅಂಥವು ಇದ್ದರೆ, ಬದಲಾಯಿಸುವ ಸಲಕರಣೆ ಸಿಗುತ್ತಿರುವಾಗಲೇ ಮಾಡಿಸಿಕೊಳ್ಳಿ.

ನಮ್ಮ ಹುಡುಕಾಟಕ್ಕೆ ಬರೋಣ. ಹುಡುಗಿ ತಂಗಿಯ ವಿಳಾಸ ಹಾಕಿ, 2008 ಎಂದು ವರ್ಷ ಹಾಕಿ, ಬಿ ಎ ಎಲ್ ಇ ಎಂಬುದರ ಮುಂದೆ ನಕ್ಷತ್ರ ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನಾಲ್ಕು ಕಾಗದ ಬಂದವು. ಒಂಬತ್ತು ಬಾಳೆಯವು. ಹನ್ನೆರಡನೆಯದು ಬಳೆಯದು. ತಂಗಿ "ಬಳೆಗಳನ್ನು" ಎಂದು ಉದ್ದಕ್ಕೆ ಬರೆದಿದ್ದಳು. ಪೂರ್ತಿ ಪದವನ್ನಷ್ಟೇ ಹೊಂದಿಸಿ ನೋಡುವ ಆ ಹಳೆಯ ಹುಡುಕುಪೆಟ್ಟಿಗೆಗೆ ಅದಕ್ಕೇ ಸಿಕ್ಕಿರಲಿಲ್ಲ.

ಓದಿದೆ. ಅಮ್ಮನ ಮಾತು ಅಮ್ಮನ ಧಾಟಿಯಲ್ಲೇ ಇತ್ತು. ನಾಲ್ಕು ಬಳೆಯಲ್ಲಿ ಎರಡು ರತ್ನಮ್ಮನ ಮಗಳ ಮದುವೆಗೆ, ನಾನು ಬಾಯಿಬಿಟ್ಟು ಹೇಳಿಬಿಟ್ಟಿದ್ದೇನೆ, ಉಳಿದೆರಡರಲ್ಲಿ ನಿಮಗೆ ಒಂದೊಂದು, ಅಣ್ಣನಿಗೆ ಮನೆ ಇದೆ, ಅವನಿಗೆ ನೀನೇ ಸಮಾಧಾನವಾಗಿ ಹೇಳು. ರತ್ನಮ್ಮ ಎಂದರೆ, 2006ರಲ್ಲಿ ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಐದು ತಿಂಗಳು ಎತ್ತಿ ಇಳಿಸಿ ನೋಡಿಕೊಂಡವಳು. ಆ ಕಾಗದದ ಕೆಳಗೆ ನನ್ನದೇ ಉತ್ತರ ಇತ್ತು: "ಸರಿ ಅಮ್ಮಾ, ಅದನ್ನೆಲ್ಲ ನಾನು ನೋಡಿಕೊಳ್ತೀನಿ."

ನಾನು ನೋಡಿಕೊಂಡಿರಲಿಲ್ಲ. ಮರೆತಿದ್ದೆ. ಮರೆತದ್ದಷ್ಟೇ ಅಲ್ಲ, ಮರೆತ ಜಾಗದಲ್ಲಿ ನನಗೆ ಅನುಕೂಲವಾದ ನೆನಪೊಂದನ್ನು ಕೂರಿಸಿಕೊಂಡು, ಅದರ ಮೇಲೆ ಆಣೆ ಇಟ್ಟು ಎರಡು ವರ್ಷ ಅಣ್ಣನ ಹೊಸ್ತಿಲು ತುಳಿದಿರಲಿಲ್ಲ. ರತ್ನಮ್ಮನ ಮಗಳ ಮದುವೆ 2012ರಲ್ಲಿ ಬಡ್ಡಿ ಸಾಲ ಮಾಡಿ ಆಗಿಹೋಗಿತ್ತು. ನಾನು ಆ ಮದುವೆಗೆ ಹೋಗಿ, ಕುಕ್ಕರ್ ಕೊಟ್ಟು, ಊಟ ಮಾಡಿ ಬಂದಿದ್ದೆ!

ಆ ಹಾಳೆಯನ್ನು ಅಚ್ಚು ಹಾಕಿಸಿಕೊಂಡು ಅಣ್ಣನ ಮನೆಗೆ ಹೋದೆ. ಅವನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟ. "ನನಗೂ ಇಲ್ಲ, ನಿನಗೂ ಪೂರ್ತಿ ಇಲ್ಲ" ಎಂದ. ಮರುವಾರ ಇಬ್ಬರೂ ರತ್ನಮ್ಮನ ಮನೆಗೆ ಹೋದೆವು. "ಅಮ್ಮಾವ್ರು ಹೇಳಿದ್ರು ಅಕ್ಕಾವ್ರೇ. ನಾನೆಂಗೆ ಬಂದು ಕೇಳ್ಲಿ? ನನ್ತಾವ ಏನೈತೆ ತೋರ್ಸಕೆ?" ಎಂದಳು. ಆ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. ತೋರಿಸಲು ಇದ್ದದ್ದು ನನ್ನ ಬಳಿ, ತೋರಿಸಬೇಕಾದವಳೂ ನಾನೇ. ನನ್ನ ಪೆಟ್ಟಿಗೆಯಲ್ಲಿ ಸೂಚಿಯಿಲ್ಲದೆ ಬಿದ್ದಿದ್ದ ಒಂದು ಕಾಗದಕ್ಕೆ ಅವಳು ಹಲವು ವರ್ಷ ಬಡ್ಡಿ ಕಟ್ಟಿದ್ದಾಳೆ.

ಈ ಕಥೆ ಹೇಳಿದಾಗ ಗೆಳತಿಯೊಬ್ಬಳು, "ಹಳೆಯದನ್ನು ಮರೆಯೋದೇ ಒಳ್ಳೇದು ಕಣೇ. ಎಲ್ಲಾ ಹುಡುಕ್ತಾ ಹೋದ್ರೆ ಸಂಸಾರ ಉಳಿಯತ್ತಾ?" ಎಂದಳು. ಮಾತಿನಲ್ಲಿ ಸತ್ಯವಿದೆ. ಸುಡಬೇಕಾದ ಕಾಗದಗಳೂ ಇರುತ್ತವೆ, ನಾನೂ ಸುಟ್ಟಿದ್ದೇನೆ. ಆದರೆ ಸುಡುವುದನ್ನು ನಾನು ತೀರ್ಮಾನಿಸಬೇಕು, ನೋಡಿ ಸುಡಬೇಕು. ಇನ್ನಾರದೋ ನಿಯಮಕ್ಕೆ, ಇಲ್ಲವೇ ನನ್ನ ಸೋಮಾರಿತನಕ್ಕೆ ಅದು ಸುಟ್ಟುಹೋಗುವುದು ಮರೆವಲ್ಲ, ನಷ್ಟ. ಇನ್ನೊಬ್ಬರು, "ಕಾಗದಕ್ಕೂ ಗೆದ್ದಲು ಹಿಡಿಯುತ್ತಿರಲಿಲ್ಲವೇ?" ಎಂದರು. ಹಿಡಿಯುತ್ತಿತ್ತು. ಅದಕ್ಕೇ ವರ್ಷಕ್ಕೊಮ್ಮೆ ಟ್ರಂಕನ್ನು ಬಿಸಿಲಿಗೆ ಹಾಕುತ್ತಿದ್ದೆವು. ಈಮೇಲನ್ನು ಬಿಸಿಲಿಗೆ ಹಾಕಿದವರು ಯಾರು?

ನಮ್ಮ ಅಂಚೆಗೆ ಸೂಚಿ ಆಗಿಲ್ಲವೆಂದೂ ತಿಳಿಯಬೇಡಿ. ಆಗಿದೆ, ಕಂಪನಿಗಳ ಮನೆಯಲ್ಲಿ ಆಗಿದೆ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ 1 ಜಿಬಿ ಜಾಗ ಕೊಟ್ಟು, ಜೋಡಿಸಿಡುವ ಶ್ರಮ ಬೇಡ, ಹುಡುಕಿದರೆ ಸಾಕು ಎಂದು ಆಸೆ ಹುಟ್ಟಿಸಿತು. ಒಳಗಿನ ಮಾತುಗಳನ್ನು ಯಂತ್ರದಿಂದ ಓದಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುತ್ತಿದ್ದರು. ಅದನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿದ್ದು 2017ರಲ್ಲಿ. ಹದಿಮೂರು ವರ್ಷ! ನಮ್ಮ ಕಾಗದದಿಂದ ಅವರಿಗೆ ಬೇಕಾದದ್ದು ಅವರಿಗೆ ಸಿಗುತ್ತಿತ್ತು, ನಮಗೆ ಬೇಕಾದದ್ದು ನಮಗೆ ಸಿಗುತ್ತಿಲ್ಲ ಎಂದರೆ ಹುಡುಕುವ ವಿದ್ಯೆ ಯಾರ ಅನುಕೂಲಕ್ಕೆ ಬೆಳೆಯಿತು, ನೀವೇ ಹೇಳಿ.

ಇಂಜಿನಿಯರುಗಳ ಕೆಲಸ ನಮಗೇಕೆ ಎನ್ನಬೇಡಿ. ಮಿಕ್ಸಿ ಬಂದಾಗಲೂ, ಎಟಿಎಂ ಬಂದಾಗಲೂ ಹೀಗೇ ಅಂದಿದ್ದೆವು. ನಾಟ್‌ಮಚ್ ನಮ್ಮಂಥವರಿಗೆ ಸ್ವಲ್ಪ ಕಷ್ಟವೇ, ಆಜ್ಞೆಗಳನ್ನು ಟೈಪು ಮಾಡಬೇಕು, ಜೊತೆಗೊಬ್ಬಳು ಬಲ್ಲವಳು ಬೇಕು. ಆದರೆ ಥಂಡರ್‌ಬರ್ಡ್ ಎಂಬುದೊಂದಿದೆ. 2004ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಎಲ್ಲ ಕಾಗದಕ್ಕೂ ಸೂಚಿ ಮಾಡಿ ಒಟ್ಟಿಗೆ ಹುಡುಕುವ ಅನುಕೂಲ 2009ರ ಮೂರನೆಯ ಆವೃತ್ತಿಯಲ್ಲಿ ಸೇರಿತು. ಅದಕ್ಕೂ ಕಾಸಿಲ್ಲ. ನಿಮ್ಮ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಕಾಗದಗಳನ್ನು ನಿಮ್ಮ ಕಂಪ್ಯೂಟರಿಗೆ ತಂದು ಸೂಚಿ ಮಾಡಿಕೊಳ್ಳುತ್ತದೆ. ಜಿಮೇಲಿನವರು ಟೇಕ್‌ಔಟ್ ಎಂಬಲ್ಲಿಗೆ ಹೋದರೆ ಇಡೀ ಪೆಟ್ಟಿಗೆಯನ್ನೇ ಎಂಬಾಕ್ಸ್ ಸುರುಳಿಯಾಗಿ ಇಳಿಸಿಕೊಳ್ಳಬಹುದು. ಅದರದೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಹಾಕಿ ಒಡವೆಯ ಜೊತೆ ಬೀರುವಿನಲ್ಲಿಡಿ. ನೀವು ಇಲ್ಲವಾದ ಮೇಲೆ ಖಾತೆ ಯಾರ ಕೈಗೆ ಹೋಗಬೇಕೆಂದು ಬರೆದಿಡುವ ವ್ಯವಸ್ಥೆಯೂ ಗೂಗಲಿನಲ್ಲಿ 2013ರಿಂದ ಇದೆ. ಪಾಸ್‌ವರ್ಡನ್ನು ಗಂಡನ ತಲೆಯಲ್ಲೋ ಮಗನ ಫೋನಿನಲ್ಲೋ ಇಟ್ಟು ನಿಶ್ಚಿಂತೆಯಾಗಿರುವವರೆಲ್ಲ ಮೊದಲು ಅದನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಬೀರುವಿನ ಕೀ ಸೊಂಟದಲ್ಲಿ, ಕಾಗದದ ಕೀ ಇನ್ನೊಬ್ಬರ ಜೇಬಿನಲ್ಲಿ ಎಂದರೆ ಹೇಗೆ?

ಮತ್ತು ಬರೆಯುವಾಗ ಕನ್ನಡವನ್ನು ಕನ್ನಡದಲ್ಲೇ ಬರೆಯಿರಿ. ಅಭಿಮಾನಕ್ಕಾಗಿ ಅಲ್ಲ, ನಾಳೆ ಹುಡುಕುವವಳಿಗಾಗಿ. ಫೋನಿನಲ್ಲಿ ಕನ್ನಡದ ಕೀಲಿಮಣೆ ಇದೆ, ಬಾಯಲ್ಲಿ ಹೇಳಿದರೂ ಅದು ಬರೆದುಕೊಳ್ಳುತ್ತದೆ. ತಲೆಬರಹಕ್ಕೆ "ಹಾಯ್ ಅಕ್ಕ" ಎನ್ನುವ ಬದಲು "ಅಮ್ಮನ ಬಳೆ" ಎಂದು ಎರಡು ಪದ ಬರೆಯಿರಿ. ನನ್ನ ತಂಗಿ ಈಗ ಹಾಗೇ ಬರೆಯುತ್ತಾಳೆ. ಮೊನ್ನೆ ಬಂದ ಕಾಗದದ ತಲೆಬರಹ "ಮಂಡಿನೋವಿಗೆ ಕೊಟ್ಟ ಎಣ್ಣೆ" ಎಂದಿತ್ತು.

ಬರುವ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಅಂಚೆ ತೆರೆದು, ಇಲ್ಲದ ನಿಮ್ಮವರೊಬ್ಬರು ಆಗಾಗ ಆಡುತ್ತಿದ್ದ ಒಂದು ಮಾತನ್ನು ಹುಡುಕಿ ನೋಡಿ. ಸಿಕ್ಕರೆ ಓದಿಕೊಳ್ಳಿ. ಸಿಗದಿದ್ದರೆ, ಅದು ಇಲ್ಲ ಎಂದು ನಂಬಿಬಿಡಬೇಡಿ. ನಂಬಿ ನಾನು ಎರಡು ವರ್ಷ ಕಳೆದೆ, ರತ್ನಮ್ಮ ಅದಕ್ಕಿಂತ ಹೆಚ್ಚು ಕಳೆದಳು.